ಅಡುಗೆಮನೆಯ ಬಾಗಿಲಿನಿಂದ ಪ್ರಯೋಗಾಲಯಕ್ಕೆ



ಮುಂದಿನ ಸಲ ದಿನಸಿ ತರಲು ಹೋದಾಗ ಒಣಹಣ್ಣುಗಳ ಸಾಲಿನಲ್ಲಿ ಒಂದು ನಿಮಿಷ ನಿಲ್ಲಿ. ಅಲ್ಲಿ ಎರಡು ಬಗೆಯ ಒಣ ಏಪ್ರಿಕಾಟ್ ಇರುತ್ತವೆ. ಒಂದು ಕಿತ್ತಳೆ ಬಣ್ಣದ್ದು, ನೋಡಿದರೆ ಬಾಯಲ್ಲಿ ನೀರೂರಬೇಕು. ಇನ್ನೊಂದು ಹಳೇ ಬೆಲ್ಲದ ಬಣ್ಣದ್ದು, ಮುದುಡಿಕೊಂಡಿರುತ್ತದೆ. ಮೊದಲನೆಯದಕ್ಕೆ ಗಂಧಕದ ಹೊಗೆ ಕೊಟ್ಟಿದ್ದಾರೆ, ಎರಡನೆಯದಕ್ಕೆ ಕೊಟ್ಟಿಲ್ಲ. ಹಾಗಾದರೆ ಗಂಧಕ ಹಾಕಿದ್ದು ಕೆಟ್ಟದ್ದು, ಹಾಕದ್ದು ಒಳ್ಳೆಯದು ಎನ್ನಬಹುದೇ? ವಿಷಯ ಅಷ್ಟು ಸುಲಭವಿಲ್ಲ. ಗಂಧಕದ ಹೊಗೆ ಹಣ್ಣಿನಲ್ಲಿರುವ ಒಂದು ವಿಟಮಿನ್ನನ್ನು ಉಳಿಸುತ್ತದೆ, ಇನ್ನೊಂದನ್ನು ಹಾಳುಮಾಡುತ್ತದೆ. ಕೆಲವು ಆಸ್ತಮಾ ರೋಗಿಗಳಿಗೆ ಅದು ಉಸಿರಾಟಕ್ಕೇ ತೊಂದರೆ ಕೊಡುತ್ತದೆ. ತಿನ್ನುವ ಒಂದೇ ವಸ್ತುವಿನಲ್ಲಿ ಪೋಷಣೆಯೂ ಇದೆ, ವಿಷವೂ ಇದೆ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಪೋಷಣ ವಿಜ್ಞಾನ ಮತ್ತು ವಿಷವಿಜ್ಞಾನ ಎರಡನ್ನೂ ಒಂದೇ ಸೂರಿನಡಿ ಏಕೆ ಕಲಿಸುತ್ತಾರೆ ಎಂದು ಕೇಳಿದರೆ ನಾನು ಈ ಏಪ್ರಿಕಾಟನ್ನೇ ತೋರಿಸುತ್ತೇನೆ.

ನಮ್ಮ ಮನೆಗಳಲ್ಲಿ ಈ ವಿಷಯಕ್ಕೆ ಅಷ್ಟೇನೂ ಮರ್ಯಾದೆ ಇಲ್ಲ, ಒಪ್ಪಿಕೊಳ್ಳೋಣ. ಮಗಳು ಕಂಪ್ಯೂಟರ್ ಸೈನ್ಸ್ ಓದುತ್ತಾಳೆ ಎಂದರೆ ಸಂತೋಷ, ಮಗ ಮೆಡಿಕಲ್ ಎಂದರೆ ಊರಿಗೆಲ್ಲ ಫೋನು. ನ್ಯೂಟ್ರಿಷನ್‌ನಲ್ಲಿ ಪಿಎಚ್‌ಡಿ ಎಂದರೆ ಮಾತ್ರ, "ಅಡುಗೆ ಕಲಿಯೋಕೆ ಅಷ್ಟು ವರ್ಷ ಯಾಕೆ?" ಎಂಬ ಪ್ರಶ್ನೆ ಯಾರದಾದರೂ ಬಾಯಿಂದ ಬಂದೇ ಬರುತ್ತದೆ. ಈ ತಾತ್ಸಾರ ನಮ್ಮದಷ್ಟೇ ಅಲ್ಲ. ಈ ವಿಜ್ಞಾನ ಹುಟ್ಟಿದ ದಿನದಿಂದ ಅದರ ಬೆನ್ನಿಗಿದೆ. ಅದನ್ನು ಹೊತ್ತುಕೊಂಡೇ ಕೆಲಸ ಮಾಡಿದ ಇಬ್ಬರು ಮಹಿಳೆಯರ ಬಗ್ಗೆ ಇವತ್ತು ಹೇಳಬೇಕು. ಒಬ್ಬರು ಕ್ಯಾಲಿಫೋರ್ನಿಯಾದವರು. ಇನ್ನೊಬ್ಬರು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲು ತಟ್ಟಿದವರು. ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ, ಹಸುಗಳ ಕೊಟ್ಟಿಗೆಗೆ ಹೋಗಿಬರೋಣ.

1907ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೃಷಿ ವಿಭಾಗದಲ್ಲಿ 16 ಕಡಸುಗಳನ್ನು ನಾಲ್ಕು ಗುಂಪು ಮಾಡಿ ಕಟ್ಟಿದರು. ಒಂದು ಗುಂಪಿಗೆ ಗೋಧಿ ಗಿಡದ ಮೇವು ಮಾತ್ರ, ಒಂದಕ್ಕೆ ಮೆಕ್ಕೆಜೋಳದ್ದು ಮಾತ್ರ, ಒಂದಕ್ಕೆ ಓಟ್ಸ್ ಮಾತ್ರ, ನಾಲ್ಕನೆಯದಕ್ಕೆ ಮೂರೂ ಬೆರೆಸಿದ್ದು. ರಸಾಯನಶಾಸ್ತ್ರದ ಲೆಕ್ಕದಲ್ಲಿ ನಾಲ್ಕೂ ಮೇವು ಒಂದೇ: ಅಷ್ಟೇ ಪ್ರೋಟೀನು, ಅಷ್ಟೇ ಶಕ್ತಿ. ಹಸುಗಳ ಲೆಕ್ಕವೇ ಬೇರೆಯಾಗಿತ್ತು. ಜೋಳ ತಿಂದವು ಮಿರಮಿರ ಮಿಂಚುತ್ತ ಗಟ್ಟಿಮುಟ್ಟಾದ ಕರು ಹಾಕಿದವು. ಗೋಧಿ ತಿಂದವು ಬಡಕಲಾದವು, ಕಣ್ಣು ಕಳೆದುಕೊಂಡವು, ಅವುಗಳ ಕರುಗಳು ಉಳಿಯಲಿಲ್ಲ. ಎಲ್ಲವನ್ನೂ ತೂಗಿ ಅಳೆದಿದ್ದೇವೆ ಎಂದುಕೊಂಡಿದ್ದ ರಸಾಯನಶಾಸ್ತ್ರಕ್ಕೆ ಕಾಣದ ಏನೋ ಒಂದು ಮೇವಿನಲ್ಲಿತ್ತು.

ಅದೇನೆಂದು ಕಂಡುಹಿಡಿಯಲು ಯೇಲ್‌ನಲ್ಲಿ ಓದಿ ಬಂದಿದ್ದ ಎಲ್ಮರ್ ಮೆಕಾಲಮ್ ಎಂಬ ತರುಣನನ್ನು ನೇಮಿಸಿದರು. ಹಸು ಬೆಳೆದು ಕರು ಹಾಕುವ ತನಕ ಕಾಯುತ್ತ ಕೂತರೆ ಒಂದು ಪ್ರಯೋಗಕ್ಕೆ ನಾಲ್ಕು ವರ್ಷ ಬೇಕು. ಬೇಗ ಹುಟ್ಟಿ ಬೇಗ ಬೆಳೆಯುವ ಇಲಿ ವಾಸಿ ಎಂದು ಅವನಿಗೆ ಹೊಳೆಯಿತು. ಕೃಷಿ ಕಾಲೇಜಿನ ಡೀನ್ ಒಪ್ಪಲಿಲ್ಲ. ರೈತರ ಕಣಜ ತಿನ್ನುವ ಪ್ರಾಣಿಯನ್ನು ರೈತರ ತೆರಿಗೆ ಹಣದಲ್ಲಿ ಸಾಕುವುದು ಹೇಗೆ? ಮೆಕಾಲಮ್ ಮೊದಲು ಲಾಯದಲ್ಲಿ ಇಲಿ ಹಿಡಿದ, ಅವು ಕಚ್ಚಿದವು. ಕೊನೆಗೆ ಸ್ವಂತ ದುಡ್ಡಿನಲ್ಲಿ ಶಿಕಾಗೋದಿಂದ 6 ಡಾಲರಿಗೆ 12 ಬಿಳಿ ಇಲಿ ತಂದ. ಅವುಗಳ ಆರೈಕೆಗೆ ಬಂದವಳು ಮಾರ್ಗರೀಟ್ ಡೇವಿಸ್, ಬರ್ಕ್ಲಿಯಲ್ಲಿ ಪದವಿ ಪಡೆದಿದ್ದ ಹುಡುಗಿ. ಇಬ್ಬರೂ ಸೇರಿ 1913ರಲ್ಲಿ ಬೆಣ್ಣೆಯ ಜಿಡ್ಡಿನಲ್ಲಿ ಒಂದು ಜೀವಾಧಾರ ಅಂಶವಿದೆ, ಹಂದಿಕೊಬ್ಬಿನಲ್ಲಿ ಅದಿಲ್ಲ ಎಂದು ತೋರಿಸಿದರು. ಇಂದು ಅದಕ್ಕೆ ವಿಟಮಿನ್ ಎ ಎನ್ನುತ್ತೇವೆ. ಪ್ರಬಂಧದಲ್ಲಿ ಡೇವಿಸ್ ಹೆಸರು ಬಂತು. ಆದರೆ ಆಕೆ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದಿದ್ದಳು. ಈ ವಿಷಯವನ್ನು ನೆನಪಿಡಿ.

ಇದು ಪೋಷಣೆಯ ಬೇರಾಯಿತು. ವಿಷದ ಬೇರು ವಾಷಿಂಗ್ಟನ್ನಿನಲ್ಲಿದೆ. ಸರ್ಕಾರಿ ರಸಾಯನ ಶಾಖೆಯ ಮುಖ್ಯಸ್ಥ ಹಾರ್ವಿ ವೈಲಿ 1902ರಲ್ಲಿ ಹನ್ನೆರಡು ಮಂದಿ ತರುಣರಿಗೆ ದಿನಾ ಪುಕ್ಕಟೆ ಊಟ ಹಾಕಿದ. ಊಟದ ಜೊತೆ ಬೋರಾಕ್ಸ್, ಮುಂದಿನ ವರ್ಷಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ, ಗಂಧಕ, ಫಾರ್ಮಾಲ್ಡಿಹೈಡ್. ಅಂದಿನ ವ್ಯಾಪಾರಿಗಳು ಆಹಾರ ಕೆಡದಿರಲೆಂದು ಏನೇನು ಬೆರೆಸುತ್ತಿದ್ದರೋ ಅದೆಲ್ಲ. ಪತ್ರಿಕೆಗಳು ಇವರನ್ನು ವಿಷದ ದಳ ಎಂದು ಕರೆದವು. 1906ರ ಶುದ್ಧ ಆಹಾರ ಕಾಯ್ದೆಗೆ ಜನಮತ ಸಿದ್ಧವಾದದ್ದರಲ್ಲಿ ಇವರ ಹೊಟ್ಟೆಯ ಪಾಲೂ ಇದೆ. ಕಾಯ್ದೆ ಬಂದ ಮರುವರ್ಷ ಒಂದು ಕಿಲೋ ಆಹಾರದಲ್ಲಿ 350 ಮಿಲಿಗ್ರಾಮಿಗಿಂತ ಹೆಚ್ಚು ಗಂಧಕದ ಡೈಆಕ್ಸೈಡ್ ಇರಕೂಡದು ಎಂದು ಸರ್ಕಾರ ಹೇಳಿತು. ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರು ಎದ್ದು ಕೂತರು. ಗಂಧಕದ ಹೊಗೆಯಿಲ್ಲದೆ ಅವರ ಏಪ್ರಿಕಾಟು, ಪೀಚು ಕಪ್ಪಾಗುತ್ತವೆ. ಕಪ್ಪು ಹಣ್ಣನ್ನು ಕೊಳ್ಳುವವರು ಯಾರು? ದೂರು ಅಧ್ಯಕ್ಷ ರೂಸ್ವೆಲ್ಟ್‌ವರೆಗೆ ಹೋಯಿತು, ನಿಯಮ ಮೂಲೆ ಸೇರಿತು, ವೈಲಿಯ ತೀರ್ಪಿನ ಮೇಲೆ ತೀರ್ಪು ಕೊಡಲು 1908ರಲ್ಲಿ ಪಂಡಿತರ ಒಂದು ಮಂಡಳಿಯೇ ಬಂತು. ಅದರ ಮುಖ್ಯಸ್ಥ ಐರಾ ರೆಮ್ಸನ್. ಸ್ಯಾಕರಿನ್ ಸಿಕ್ಕಿದ್ದು ಈತನ ಪ್ರಯೋಗಾಲಯದಲ್ಲಿ, ಸ್ಯಾಕರಿನ್ ಅಪಾಯ ಎಂದು ವೈಲಿಯ ವಾದ, ಸ್ಯಾಕರಿನ್ ತಿನ್ನುತ್ತಿದ್ದವರು ಸ್ವತಃ ಅಧ್ಯಕ್ಷರು! ವಿಜ್ಞಾನ ಮತ್ತು ರಾಜಕೀಯ ಬೇರೆ ಬೇರೆ ಎನ್ನುವವರಿಗೆ ಈ ಒಂದು ನೇಮಕ ಸಾಕು.

ಹೀಗೆ ಗಂಧಕ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ತೀರದೆ ಉಳಿದಿದ್ದಾಗ, 1915ರಲ್ಲಿ ಬರ್ಕ್ಲಿಗೆ ಒಬ್ಬ ಹೊಸ ಅಧ್ಯಾಪಕಿ ಬಂದರು. ಹೆಸರು ಆಗ್ನೆಸ್ ಫೇ ಮಾರ್ಗನ್. ಇಲಿನಾಯ್ ರಾಜ್ಯದ ಪಿಯೋರಿಯಾ ಎಂಬ ಊರಿನವರು. ಹಿಂದಿನ ವರ್ಷವಷ್ಟೇ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ ಮುಗಿಸಿದ್ದರು. ರಸಾಯನಶಾಸ್ತ್ರದ ಡಾಕ್ಟರೇಟ್ ಇದ್ದವರು ರಸಾಯನಶಾಸ್ತ್ರ ವಿಭಾಗಕ್ಕೆ ಸೇರಬೇಕಲ್ಲವೇ? ಗಂಡಸಾಗಿದ್ದರೆ ಸೇರುತ್ತಿದ್ದರು. ಆ ಕಾಲದಲ್ಲಿ ವಿಜ್ಞಾನ ಓದಿದ ಹೆಂಗಸರಿಗೆ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ತೆರೆದಿದ್ದ ಬಾಗಿಲು ಮುಖ್ಯವಾಗಿ ಒಂದೇ: ಗೃಹವಿಜ್ಞಾನ. ಅಡುಗೆ, ಹೊಲಿಗೆ, ಮನೆವಾರ್ತೆಯ ಬಾಗಿಲು. ಮಾರ್ಗನ್ ಆ ಬಾಗಿಲಿನಿಂದಲೇ ಒಳಗೆ ಬಂದರು. ಪೋಷಣೆಯ ಪಾಠವನ್ನು ಅವರು ಯಾರ ಬಳಿಯೂ ಕಲಿತಿರಲಿಲ್ಲ; ಪಾಠ ಹೇಳುತ್ತ ಹೇಳುತ್ತ ತಾವೇ ಕಟ್ಟಿಕೊಂಡರು.

ಒಳಗೆ ಬಂದ ಮೇಲೆ ಅವರು ಮಾಡಿದ್ದು ಜಾಣತನದ ಕೆಲಸ. ಬೋರ್ಡಿನ ಮೇಲಿನ ಹೆಸರು ಗೃಹವಿಜ್ಞಾನ, ಒಳಗಡೆ ನಡೆಯುತ್ತಿದ್ದದ್ದು ಗಟ್ಟಿ ರಸಾಯನಶಾಸ್ತ್ರ. ಅಡುಗೆ ಕಲಿಯಲು ಬಂದೆವು ಎಂದುಕೊಂಡ ಹುಡುಗಿಯರಿಗೆ ಮೊದಲು ಕೆಮಿಸ್ಟ್ರಿ, ಆಮೇಲೆ ಮತ್ತೆ ಕೆಮಿಸ್ಟ್ರಿ. ಪ್ರಾಣಿಗಳ ಮೇಲೆ ಪ್ರಯೋಗ, ತೂಕ, ಲೆಕ್ಕ. ಸ್ನಾತಕೋತ್ತರ ಪದವಿ, ಡಾಕ್ಟರೇಟು. ಹೊಲಿಗೆ, ಗೃಹಾಲಂಕಾರದ ಕಡೆಯನ್ನು ಬೇರೆ ಮಾಡಿಸಿ, ವಿಜ್ಞಾನದ ಕಡೆಯನ್ನು ತಮ್ಮ ಕೈಯಲ್ಲಿಟ್ಟುಕೊಂಡು 1954ರಲ್ಲಿ ನಿವೃತ್ತರಾಗುವವರೆಗೆ ನಡೆಸಿದರು. ಅಧ್ಯಾಪಕರ ಕ್ಲಬ್ಬು ಗಂಡಸರದ್ದಾಗಿದ್ದರಿಂದ ಬರ್ಕ್ಲಿಯ ಮಹಿಳೆಯರು 1919ರಲ್ಲಿ ತಮ್ಮದೇ ಕ್ಲಬ್ಬು ಕಟ್ಟಿಕೊಳ್ಳಬೇಕಾಗಿ ಬಂದ ಕಾಲ ಅದು.

ಈಗ ಗಂಧಕಕ್ಕೆ ಬರೋಣ. 1920ರ ದಶಕದಲ್ಲಿ ವಿಟಮಿನ್ ಸಿ ಎಂಬುದು ಏನೆಂದು ಯಾರಿಗೂ ಗೊತ್ತಿರಲಿಲ್ಲ. ಸ್ಕರ್ವಿ ರೋಗ ತಡೆಯುವ ಗುಣವೊಂದು ಹಣ್ಣಿನಲ್ಲಿದೆ ಎಂದಷ್ಟೇ ಗೊತ್ತು. ಅದನ್ನು ಅಳೆಯಲು ಇಲಿ ಪ್ರಯೋಜನವಿಲ್ಲ, ಏಕೆಂದರೆ ಇಲಿ ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮ ಹಾಗೆ ಅದನ್ನು ಆಹಾರದಿಂದಲೇ ಪಡೆಯಬೇಕಾದ ಪ್ರಾಣಿ ಗಿನಿಪಿಗ್. ಗಿನಿಪಿಗ್‌ಗಳಿಗೆ ಗಂಧಕ ಹಾಕಿದ, ಹಾಕದ ಒಣಹಣ್ಣುಗಳನ್ನು ತಿನ್ನಿಸಿ, ಯಾವುದಕ್ಕೆ ಸ್ಕರ್ವಿ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂದು ನೋಡಬೇಕು. ಮಾರ್ಗನ್ ಮತ್ತು ಅವರ ಸಹೋದ್ಯೋಗಿ 1929ರಲ್ಲಿ ಪ್ರಕಟಿಸಿದ ಉತ್ತರ ಎಲ್ಲರನ್ನೂ ಅಚ್ಚರಿಗೊಳಿಸುವಂಥದ್ದು: ಬೆಳೆಗಾರರು ಬಣ್ಣಕ್ಕಾಗಿ ಹಾಕುತ್ತಿದ್ದ ಗಂಧಕ ವಿಟಮಿನ್ ಸಿಯನ್ನು ಕಾಪಾಡುತ್ತಿತ್ತು. ಗಾಳಿಯ ಆಮ್ಲಜನಕ ಅದನ್ನು ತಿಂದುಹಾಕದಂತೆ ತಡೆಯುತ್ತಿತ್ತು. ಬೆಳೆಗಾರರಿಗೆ ಹಬ್ಬ. ಆದರೆ ಮಾರ್ಗನ್ ಅಲ್ಲಿಗೇ ನಿಲ್ಲಿಸಲಿಲ್ಲ. ಅದೇ ಗಂಧಕ ವಿಟಮಿನ್ ಬಿ1ನ್ನು, ಎಂದರೆ ಥಯಮಿನ್ನನ್ನು, ನಾಶಮಾಡುತ್ತದೆ ಎಂಬುದನ್ನೂ ತೋರಿಸಿದರು. ಗಂಧಕದ ಲವಣ ಥಯಮಿನ್ ಅಣುವನ್ನು ನಡುವೆಯೇ ಎರಡು ತುಂಡು ಮಾಡುತ್ತದೆ. ಇದೇ ಗುಣವನ್ನು ಬಳಸಿಕೊಂಡು ಆ ಅಣುವಿನ ರಚನೆಯನ್ನು ಬಿಡಿಸಿ, 1936ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದವರು ರಾಬರ್ಟ್ ವಿಲಿಯಮ್ಸ್. ಅವರು ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ, ಮಿಷನರಿ ದಂಪತಿಗಳ ಮಗನಾಗಿ ಎಂಬುದು ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ನನಗೆ ಈ ಸಂಶೋಧನೆ ಮುಖ್ಯವೆನಿಸುವುದು ಉತ್ತರಕ್ಕಿಂತ ಅದರ ರೀತಿಗಾಗಿ. ಬೆಳೆಗಾರರಿಗೆ ಬೇಕಾದದ್ದನ್ನೂ ಹೇಳಿದರು, ಬೇಡದ್ದನ್ನೂ ಹೇಳಿದರು. ವೈಲಿಯ ಪ್ರಶ್ನೆ "ಇದು ವಿಷವೇ, ಹೌದೋ ಅಲ್ಲವೋ?" ಎಂಬಂತಿತ್ತು. ಮಾರ್ಗನ್ ಕೇಳಿದ್ದು "ಯಾವುದಕ್ಕೆ ಒಳ್ಳೆಯದು, ಯಾವುದಕ್ಕೆ ಕೆಟ್ಟದ್ದು, ಎಷ್ಟರ ಮಟ್ಟಿಗೆ?" ಎಂದು. ಮುಂದೆ 1986ರಲ್ಲಿ ಅಮೆರಿಕ ಸರ್ಕಾರ ಹಸಿಯಾಗಿ ತಿನ್ನುವ ಹಣ್ಣು ತರಕಾರಿಗಳಿಗೆ ಈ ಲವಣ ಹಾಕಬಾರದು ಎಂದು ನಿಷೇಧಿಸಿತು. ಒಣಹಣ್ಣಿಗೆ ಬಿಟ್ಟಿತು, ಆದರೆ ಪೊಟ್ಟಣದ ಮೇಲೆ ಬರೆಯಬೇಕು ಎಂದಿತು. ಅದೂ ಇದೇ ಬಗೆಯ ತೀರ್ಮಾನ.

ಅವರ ಇನ್ನೊಂದು ಕೆಲಸವೂ ಸ್ವಾರಸ್ಯವಾಗಿದೆ. ಪ್ಯಾಂಟೊಥೆನಿಕ್ ಆಮ್ಲ ಎಂಬ ಬಿ ಗುಂಪಿನ ವಿಟಮಿನ್ ಇಲ್ಲದ ಆಹಾರ ಕೊಟ್ಟರೆ ಕಪ್ಪು ಇಲಿಗಳ, ನರಿಗಳ ಕೂದಲು ನರೆಯುತ್ತಿತ್ತು. ಒಳಗೆ ನೋಡಿದರೆ ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿ ಹಾಳಾಗಿರುತ್ತಿತ್ತು. ವಿಟಮಿನ್ನಿಗೂ ಗ್ರಂಥಿಗೂ ನಂಟಿದೆ ಎಂದು ತೋರಿಸಿದ ದೊಡ್ಡ ಸಂಶೋಧನೆ ಅದು. ಜನ ಹಿಡಿದುಕೊಂಡದ್ದು ಮಾತ್ರ ನರೆಕೂದಲನ್ನು. (ಇಲಿಯ ಕೂದಲಿಗೆ ಆದದ್ದು ನಮ್ಮ ತಲೆಗೂ ಆಗುತ್ತದೆ ಎಂದು ಮಾತ್ರೆ ಕೊಳ್ಳಲು ಓಡಬೇಡಿ.) 1949ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿ ಅವರಿಗೆ ಗಾರ್ವನ್ ಪದಕ ಕೊಟ್ಟಿತು. ಅದು ಮಹಿಳೆಯರಿಗೆಂದೇ ಇಟ್ಟಿದ್ದ ಪದಕ. ಒಳಗೆ ಬಂದ ಬಾಗಿಲೂ ಬೇರೆ, ಕೊಟ್ಟ ಪದಕವೂ ಬೇರೆ.

ಅವರು ನಿವೃತ್ತರಾದ ಮೇಲೆ ಬರ್ಕ್ಲಿಯಿಂದ ಗೃಹವಿಜ್ಞಾನ ಹೊರಟುಹೋಯಿತು. ಪೋಷಣೆ ಮಾತ್ರ ಪೋಷಣ ವಿಜ್ಞಾನವೆಂಬ ಹೊಸ ಹೆಸರಿನಲ್ಲಿ ಉಳಿಯಿತು. ವಿಷವಿಜ್ಞಾನ ಆಮೇಲೆ ಅದರ ಜೊತೆ ಸೇರಿತು. ಕಟ್ಟಡಕ್ಕೆ ಮಾರ್ಗನ್ ಹಾಲ್ ಎಂದು ಹೆಸರಿಟ್ಟರು. ವಿಜ್ಞಾನಕ್ಕೆ ಸಿಗಬೇಕಾದ ಹೆಸರು ಸಿಕ್ಕಿತು, ಸರಿ. ಆದರೆ ಆ ವಿಜ್ಞಾನವನ್ನು ನಾಲ್ಕು ದಶಕ ಸಾಕಿದ ಮನೆಯ ಹೆಸರು ನಾಚಿಕೆಯ ವಿಷಯವೆಂಬಂತೆ ಅಳಿಸಿಹೋಯಿತಲ್ಲ, ಅದು ನನಗೆ ಪೂರ್ತಿ ಸರಿಕಾಣುವುದಿಲ್ಲ.

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಏನಾಗುತ್ತಿತ್ತು ನೋಡೋಣ. 1933ರಲ್ಲಿ ಬೊಂಬಾಯಿಯಿಂದ ಕಮಲಾ ಭಾಗವತ್ ಎಂಬ ಹುಡುಗಿ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಳು. ಮದುವೆಯಾದ ಮೇಲೆ ಕಮಲಾ ಸೊಹೋನಿ. ಅಪ್ಪ, ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ಕಲಿತ ರಸಾಯನಶಾಸ್ತ್ರಜ್ಞರು. ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ. ಅದೇ ವರ್ಷ ಸಂಸ್ಥೆಯ ನಿರ್ದೇಶಕರಾಗಿ ಬಂದಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅವರು ಸೇರಿಸಿಕೊಳ್ಳಲಿಲ್ಲ. ದೆಹಲಿಯಲ್ಲಿ 1932ರಿಂದಲೇ ಲೇಡಿ ಇರ್ವಿನ್ ಕಾಲೇಜಿತ್ತು, ಗೃಹವಿಜ್ಞಾನದ ಬಾಗಿಲು ಭಾರತದಲ್ಲೂ ತೆರೆದಿತ್ತು. ಕಮಲಾ ಆ ಕಡೆ ತಿರುಗಲಿಲ್ಲ. ರಾಮನ್ನರ ಕಚೇರಿಯ ಮುಂದೆ ಸತ್ಯಾಗ್ರಹ ಕೂತರು. ಕೊನೆಗೆ ರಾಮನ್ ಷರತ್ತು ಹಾಕಿ ಒಳಗೆ ಬಿಟ್ಟರು: ಮೊದಲ ವರ್ಷ ಪೂರ್ಣ ವಿದ್ಯಾರ್ಥಿನಿ ಎಂದು ಲೆಕ್ಕವಿಲ್ಲ, ಗುರುಗಳು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಈ ಮಾತು ತನಗೂ ಎಲ್ಲ ಹೆಂಗಸರಿಗೂ ಮಾಡಿದ ಅವಮಾನ ಎಂದು ಆಕೆ ಮುಂದೆ ಹೇಳಿಕೊಂಡರು. ರಾಮನ್ ನಮ್ಮ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಹೆಮ್ಮೆಯ ಜೊತೆಗೆ ಇದನ್ನೂ ಹೇಳಬೇಕು.

ಅವರಿಗೆ ಗುರುವಾಗಿ ಸಿಕ್ಕವರು ಎಂ. ಶ್ರೀನಿವಾಸಯ್ಯ. ಕಟ್ಟುನಿಟ್ಟಿನ ಮೇಷ್ಟ್ರು, ಆದರೆ ಕಲಿಯುವವರಿಗೆ ಎಲ್ಲವನ್ನೂ ಕಲಿಸುವವರು. ಅವರ ಕೈಕೆಳಗೆ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಧ್ಯಯನ ಮಾಡಿ 1936ರಲ್ಲಿ ಎಂ.ಎಸ್ಸಿ. ಪಡೆದರು. ಆ ವೇಳೆಗೆ ರಾಮನ್ನರ ಮನಸ್ಸೂ ಸ್ವಲ್ಪ ಬದಲಾಗಿ, ಸಂಸ್ಥೆ ಮಹಿಳೆಯರಿಗೆ ತೆರೆಯಿತು. ಅಲ್ಲಿಂದ ಕೇಂಬ್ರಿಜ್. ವಿಟಮಿನ್ ಸಂಶೋಧನೆಗೆ ನೊಬೆಲ್ ಪಡೆದಿದ್ದ ಹಾಪ್‌ಕಿನ್ಸ್ ಅವರ ಜೀವರಸಾಯನ ವಿಭಾಗ ಅಲ್ಲಿತ್ತು. ಆಲೂಗಡ್ಡೆಯಿಂದ ಶುರುಮಾಡಿ, ಸಸ್ಯಕೋಶಗಳಲ್ಲಿ ಉಸಿರಾಟದ ಕೆಲಸ ಮಾಡುವ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿ 1939ರಲ್ಲಿ ಡಾಕ್ಟರೇಟ್ ಪಡೆದರು. ಇಲ್ಲೊಂದು ವಿಪರ್ಯಾಸ ಕೇಳಿ. ಬೆಂಗಳೂರು ಹಿಂದುಳಿದಿತ್ತು, ಕೇಂಬ್ರಿಜ್ ಮುಂದಿತ್ತು ಎಂದುಕೊಂಡರೆ ತಪ್ಪಾಗುತ್ತದೆ. 1948ರವರೆಗೆ ಕೇಂಬ್ರಿಜ್ ಮಹಿಳೆಯರಿಗೆ ಪದವಿಯ ಹೆಸರನ್ನು ಕೊಡುತ್ತಿತ್ತೇ ಹೊರತು ವಿಶ್ವವಿದ್ಯಾಲಯದ ಪೂರ್ಣ ಸದಸ್ಯತ್ವ ಕೊಡುತ್ತಿರಲಿಲ್ಲ.

ಭಾರತಕ್ಕೆ ಮರಳಿ, ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು, ಕೂನೂರಿನ ಪೋಷಣ ಸಂಶೋಧನಾಲಯ ದಾಟಿ, ಮದುವೆಯ ನಂತರ ಬೊಂಬಾಯಿಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ ಬಂದರು. ನೀರಾದ ಮೇಲಿನ ಅವರ ಕೆಲಸವೇ ಹೆಚ್ಚು ಹೆಸರುವಾಸಿ, ಅದಕ್ಕೆ ರಾಷ್ಟ್ರಪತಿ ಪ್ರಶಸ್ತಿಯೂ ಬಂತು. ಆದರೆ ನಾವು ಮೈಸೂರು ಸೀಮೆಯವರು ಇನ್ನೊಂದು ಕೆಲಸವನ್ನು ನೆನೆಯಬೇಕು. ಬೊಂಬಾಯಿಯಲ್ಲಿ ತಮ್ಮ ವಿದ್ಯಾರ್ಥಿಗಳ ಜೊತೆ ಅವರು ಕೈಗೆತ್ತಿಕೊಂಡದ್ದು ನಮ್ಮ ಅವರೆಕಾಳನ್ನು.

ಹಸಿ ಕಾಳುಗಳಲ್ಲಿ ಒಂದು ತಂಟೆಯಿದೆ. ಆಸ್ಬರ್ನ್ ಮತ್ತು ಮೆಂಡೆಲ್ 1917ರಲ್ಲೇ ನೋಡಿದ್ದರು: ಹಸಿ ಸೋಯಾ ತಿಂದ ಇಲಿ ಬೆಳೆಯುವುದಿಲ್ಲ, ಬೇಯಿಸಿದ ಸೋಯಾ ತಿಂದರೆ ಬೆಳೆಯುತ್ತದೆ. ಕಾರಣವೇನೆಂದರೆ, ನಮ್ಮ ಮೇದೋಜೀರಕ ಗ್ರಂಥಿಯಿಂದ ಬರುವ ಟ್ರಿಪ್ಸಿನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸಿ ಜೀರ್ಣ ಮಾಡುತ್ತದೆ. ಕಾಳಿನಲ್ಲಿರುವ ಇನ್ನೊಂದು ಪ್ರೋಟೀನು ಹೋಗಿ ಆ ಟ್ರಿಪ್ಸಿನ್ನಿಗೇ ಅಂಟಿಕೊಂಡು ಅದರ ಕೈ ಕಟ್ಟಿಹಾಕುತ್ತದೆ. ಹೊಟ್ಟೆಗೆ ಪ್ರೋಟೀನು ಹೋಗಿರುತ್ತದೆ, ಮೈಗೆ ಹತ್ತುವುದಿಲ್ಲ. ಗಿಡದ ಕಡೆಯಿಂದ ನೋಡಿದರೆ ಇದು ತನ್ನ ಬೀಜವನ್ನು ಹುಳಹುಪ್ಪಟೆಯಿಂದ ಕಾಯುವ ಉಪಾಯ. ಸೊಹೋನಿ ಮತ್ತು ಅವರ ವಿದ್ಯಾರ್ಥಿ ಅವರೆಯಿಂದಲೂ ಡಬಲ್ ಬೀನ್ಸ್‌ನಿಂದಲೂ ಆ ತಡೆಕಾರಕವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹರಳು ಮಾಡುವುದು ಎಂದರೆ ಸಾಮಾನ್ಯವಲ್ಲ. ಅಷ್ಟು ಶುದ್ಧವಾಗಿ ಸಿಕ್ಕರೆ ಮಾತ್ರ ಪ್ರೋಟೀನು ಹರಳುಗಟ್ಟುತ್ತದೆ. ಅವರೆಕಾಳನ್ನು ನೆನೆಸಿ, ಹಿದುಕಿ, ಚೆನ್ನಾಗಿ ಬೇಯಿಸುವ ನಮ್ಮ ಪದ್ಧತಿಯಲ್ಲಿ ಆ ತಡೆಕಾರಕ ಬಹುಮಟ್ಟಿಗೆ ಬೆಂದು ನಿಷ್ಕ್ರಿಯವಾಗುತ್ತದೆ. ಬೇಯಿಸಿದರೆ ಅನ್ನ, ಹಸಿಯಾಗಿದ್ದರೆ ಅರೆವಿಷ. ಈ ಪ್ರಬಂಧವನ್ನು ಪೋಷಣ ವಿಜ್ಞಾನದ ಕಪಾಟಿನಲ್ಲಿ ಇಡುತ್ತೀರೋ ವಿಷವಿಜ್ಞಾನದ ಕಪಾಟಿನಲ್ಲಿ ಇಡುತ್ತೀರೋ, ಹೇಳಿ ನೋಡೋಣ.

ಎರಡೂ ಕಪಾಟು ಒಂದೇ ಕೋಣೆಯಲ್ಲಿರಬೇಕು ಎಂದು ಜಗತ್ತಿಗೆ ಗಟ್ಟಿಯಾಗಿ ಹೇಳಿದ್ದು ಕಡಲೆಕಾಯಿ. ಎರಡನೇ ಮಹಾಯುದ್ಧ ಮುಗಿದಾಗ, 1946ರಲ್ಲಿ, ಲಾಸ್ ಏಂಜಲೀಸ್‌ನ ಹೋಟೆಲು ಮಾಲೀಕ ಕ್ಲಿಫರ್ಡ್ ಕ್ಲಿಂಟನ್ ಹಸಿದವರಿಗೆ ಅಗ್ಗದ ಪ್ರೋಟೀನು ಮುಟ್ಟಿಸಲು ಒಂದು ಸಂಸ್ಥೆ ಕಟ್ಟಿದರು. ಕ್ಯಾಲ್‌ಟೆಕ್‌ನ ಜೀವರಸಾಯನಶಾಸ್ತ್ರಜ್ಞ ಹೆನ್ರಿ ಬೋರ್ಸುಕ್ ಸೋಯಾದಿಂದ ಒಂದು ಹಿಟ್ಟು ತಯಾರಿಸಿಕೊಟ್ಟರು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅದನ್ನೇ ನಮ್ಮ ದೇಶಕ್ಕೆ ಹೊಂದಿಸಿದರು. ಸೋಯಾ ಬದಲು ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆಹಿಟ್ಟು, ಮೇಲೆ ವಿಟಮಿನ್ನು, ಖನಿಜ. ಎಣ್ಣೆಗಾಣದಲ್ಲಿ ದನಕ್ಕೆ ಹೋಗುತ್ತಿದ್ದ ಹಿಂಡಿ ಮಗುವಿನ ತಟ್ಟೆಗೆ ಬರಬಹುದು ಎಂಬ ಆಸೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಗೊತ್ತಾಗದೆ ಅದನ್ನು ಟರ್ಕಿ ಎಕ್ಸ್ ರೋಗ ಎಂದು ಕರೆದರು. ಹುಡುಕುತ್ತ ಹೋದರೆ ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಗೆ ಬಂದು ನಿಂತಿತು. ಹಿಂಡಿಯಲ್ಲಿ ಬೂಷ್ಟು, ಬೂಷ್ಟು ಬಿಟ್ಟ ವಿಷ. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಪಿತ್ತಜನಕಾಂಗಕ್ಕೆ ಅಪಾಯಕಾರಿ, ಕ್ಯಾನ್ಸರ್ ತರಬಲ್ಲದ್ದು, ಮತ್ತು ಮನೆಯ ಒಲೆಯ ಕಾವಿಗೆ ಪೂರ್ತಿ ಸಾಯದ್ದು. ಅವರೆಯ ವಿಷದ ಹಾಗೆ ಇದನ್ನು ಬೇಯಿಸಿ ಕಳೆಯಲಾಗುವುದಿಲ್ಲ. ಅಪೌಷ್ಟಿಕ ಮಕ್ಕಳಿಗೆಂದು ಹೊರಟ ಹಿಟ್ಟಿನ ಮುಖ್ಯ ಕಾಳಿನ ಮೇಲೆಯೇ ಈ ಅನುಮಾನ ಬಂದು ಕೂತರೆ ಹೇಗೆ? ಇನ್ನು ಮುಂದೆ ಪ್ರೋಟೀನು ಎಷ್ಟಿದೆ ಎಂದಷ್ಟೇ ಅಳೆದರೆ ಸಾಲದು, ಅದರ ಜೊತೆ ಏನು ಬಂದಿದೆ ಎಂಬುದನ್ನೂ ಅಳೆಯಬೇಕಾಯಿತು.

1964ರಲ್ಲಿ ಮೈಸೂರಿನ ಅದೇ ಸಂಸ್ಥೆಯಲ್ಲಿ ಅಂತರರಾಷ್ಟ್ರೀಯ ಆಹಾರ ತಂತ್ರಜ್ಞಾನ ತರಬೇತಿ ಕೇಂದ್ರ ತೆರೆಯಿತು. ಏಷ್ಯಾ, ಆಫ್ರಿಕಾದ ದೇಶಗಳಿಂದ ವಿದ್ಯಾರ್ಥಿಗಳು ಬಂದರು. ಈ ವಿಷಯ ಕಲಿಯಲು ಜನ ಮೈಸೂರಿನಿಂದ ಹೊರದೇಶಕ್ಕೆ ಹೋಗುವುದನ್ನಷ್ಟೇ ನಾವು ಕಂಡಿದ್ದೇವೆ; ಹೊರದೇಶದಿಂದ ಮೈಸೂರಿಗೆ ಬಂದವರೂ ಇದ್ದರು. ಕಡಲೆಕಾಯಿಯ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಬಹಳ ಸರಳವಾದದ್ದು ಕೈಕೆಲಸ. ವಿಷ ಎಲ್ಲ ಬೀಜದಲ್ಲೂ ಸಮನಾಗಿ ಇರುವುದಿಲ್ಲ, ಸುಕ್ಕಿದ, ಬಣ್ಣಗೆಟ್ಟ, ಒಡೆದ ಬೀಜಗಳಲ್ಲಿ ತುಂಬಿಕೊಂಡಿರುತ್ತದೆ. ಅವನ್ನು ಆರಿಸಿ ತೆಗೆದರೆ ಉಳಿದದ್ದು ಬಹುಮಟ್ಟಿಗೆ ಚೊಕ್ಕಟ. ಇಂದಿಗೂ ಎಷ್ಟೋ ಕಾರ್ಖಾನೆಗಳಲ್ಲಿ ಬೀಜ ಹರಿಯುವ ಪಟ್ಟಿಯ ಎರಡೂ ಬದಿ ಕೂತು ಕೈಯಿಂದ ಆರಿಸುವವರು ಹೆಚ್ಚಾಗಿ ಹೆಂಗಸರೇ.